ದೊಡ್ಡಕ್ಕನ ಪರವಾಗಿ ಎರಡು ಮಾತು

ಗುಬ್ಬಿಗೆ ಬಾಯಿ ಇಲ್ಲ ಎನ್ನುವುದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಎಲ್ಲರಿಗೂ ಗೊತ್ತಿತ್ತು. ಗುಬ್ಬಿ ಎಂಬ ಅಡ್ಡಹೆಸರು ಬಿದ್ದದ್ದೂ ಅವಳು ಸದಾ ಮುದುಡಿಕೊಂಡಿರುತ್ತಿದ್ದುದಕ್ಕೇ. ಹನ್ನೊಂದು ವರ್ಷದ ಕೆಲಸದಲ್ಲಿ ಒಂದು ದಿನ ರಜೆ ಬೇಕೆಂದರೂ ಜೊತೆಗೆ ಕೆಲಸ ಮಾಡುವ ದೊಡ್ಡಕ್ಕನ ಕೈಯಲ್ಲೇ ಕೇಳಿಸುತ್ತಿದ್ದಳು. ಅಂಥವಳು ಈಗ ಅದೇ ದೊಡ್ಡಕ್ಕನ ಪರವಾಗಿ ಮೇಲ್ವಿಚಾರಕರ ಮುಂದೆ ಮಾತಾಡಬೇಕಾಗಿ ಬಂದಿತ್ತು. ಗ್ರಹಚಾರ, ಇನ್ನೇನು.

ಸಂಗತಿ ಇಷ್ಟೇ. ಬೆಡ್‌ಶೀಟು ಮಡಿಸುವ ಮೇಜಿಗೆ ಇವರಿಬ್ಬರೇ ಜೋಡಿ, ಒಬ್ಬಳು ಆ ತುದಿ, ಇನ್ನೊಬ್ಬಳು ಈ ತುದಿ. ಸೋಮವಾರದಿಂದ ದೊಡ್ಡಕ್ಕ ಒದ್ದೆ ಕಡೆಗೆ ಹೋಗಬೇಕೆಂದು ಗೋಡೆಗೆ ಚೀಟಿ ಅಂಟಿಸಿದ್ದರು. ಒದ್ದೆ ಕಡೆ ಎಂದರೆ ಒಗೆಯುವ ಯಂತ್ರದೊಳಗಿಂದ ನೀರು ಕುಡಿದ ಬಟ್ಟೆಯ ಗಂಟುಗಳನ್ನು ಎತ್ತಿ ಎತ್ತಿ ಹಾಕುವುದು. ದೊಡ್ಡಕ್ಕನ ಬಲಗೈ ಒಂದು ವರ್ಷದಿಂದ ನಡುಗುತ್ತಿತ್ತು. ಗುಬ್ಬಿ ತನ್ನ ತುದಿಯನ್ನು ಬಿಗಿಯಾಗಿ ಎಳೆದು ಹಿಡಿದರೆ ಆ ನಡುಕ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಬಟ್ಟೆಯ ಮೂಲಕ ಗುಬ್ಬಿಯ ಬೆರಳಿಗಷ್ಟೇ ತಿಳಿಯುತ್ತಿತ್ತು.

"ನಾನೇ ಹೋದ್ರೆ ನನ್ನ ಕೈ ನೋಡಿಬಿಡ್ತಾರೆ, ನೀನು ಹೋಗು," ಅಂದಿದ್ದಳು ದೊಡ್ಡಕ್ಕ. "ಏನು ಬೇಕಾದ್ರೂ ಹೇಳು, ಕೈ ವಿಷಯ ಮಾತ್ರ ಎತ್ತಬೇಡ. ನಿವೃತ್ತಿಗೆ ಇನ್ನೆರಡು ವರ್ಷ ಇದೆ ಕಣೆ. ಈಗಲೇ ಮನೇಲಿ ಕೂರಿಸಿದ್ರೆ ಗೋಡೆ ನೋಡ್ಕೊಂಡೇ ಸತ್ತುಹೋಗ್ತೀನಿ."

ಗುಬ್ಬಿ ಮನೆಯಲ್ಲಿ ವಿಷಯ ತೆಗೆದದ್ದೇ ತಪ್ಪಾಯಿತು. ಗಂಡ ಚಪ್ಪಲಿ ಅಂಗಡಿಯಲ್ಲಿ ಮಾರಾಟಕ್ಕೆ ನಿಲ್ಲುವವನು, ಬೇಡವೆಂದು ಎದ್ದವರ ಕಾಲಿಗೂ ಬೂಟು ತೊಡಿಸಿ ಕಳಿಸುವ ಆಸಾಮಿ. "ಗಿರಾಕಿಗೆ ಯೋಚನೆ ಮಾಡೋಕೆ ಬಿಡಬಾರದು. ಒಂದು ಕಾರಣ ಮುಗೀತಿದ್ದ ಹಾಗೆ ಇನ್ನೊಂದು ರೆಡಿ ಇರಬೇಕು. ಮಧ್ಯೆ ಸುಮ್ಮನಾದ್ಯೋ, ಕೆಟ್ಟೆ," ಅಂದ. ಶಾಲೆಯಲ್ಲಿ ಪಾಠ ಹೇಳುವ ಅತ್ತಿಗೆ ಫೋನಿನಲ್ಲಿ ಬೇರೆಯೇ ರಾಗ ಎಳೆದಳು. "ಮೊದಲು ಅವರ ಮಾತು ನಿಧಾನಕ್ಕೆ ಕೇಳು. ಆಮೇಲೆ ಮನಸ್ಸು ಕರಗೋ ಹಾಗೆ ನಿಜ ಹೇಳು." ಕೆಲಸದ ಜಾಗದಲ್ಲಿ ಬಾಯ್ಲರ್ ನೋಡಿಕೊಳ್ಳುವವನು, "ಆಸ್ಪತ್ರೆಗೆ ಏನು ಲಾಭ ಅಂತ ಹೇಳಮ್ಮ, ಮನಸ್ಸು ಗಿನಸ್ಸು ಯಾರಿಗೆ ಬೇಕು," ಅಂದುಬಿಟ್ಟ. ನಿಧಾನವಾಗಿರು, ಆದರೆ ನಿಲ್ಲಿಸಬೇಡ. ಮನಸ್ಸು ಕರಗಿಸು, ಆದರೆ ಮನಸ್ಸಿನ ಸುದ್ದಿಗೆ ಹೋಗಬೇಡ. ಗುಬ್ಬಿಗೆ ತಲೆ ಚಿಟ್ಟು ಹಿಡಿಯಿತು. ಕೊನೆಗೆ ಮೂರು ಕಾರಣಗಳನ್ನು ಗಿಣಿಪಾಠ ಮಾಡಿಕೊಂಡು, ಪಾತ್ರೆ ತೊಳೆಯುತ್ತ ನಲ್ಲಿಗೆ ಒಪ್ಪಿಸಿದಳು. ನಲ್ಲಿ ಒಂದಕ್ಕೂ ಎದುರಾಡಲಿಲ್ಲ, ಪಾಪ.

ಶುಕ್ರವಾರ ಬೆಳಿಗ್ಗೆ ಅವಳು ಕೋಣೆಗೆ ಹೋದಾಗ ಮೇಲ್ವಿಚಾರಕರು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

"ಸಾರ್, ನಾನೂ ದೊಡ್ಡಕ್ಕನೂ ಸೇರಿದ್ರೆ ಗಂಟೆಗೆ ತೊಂಬತ್ತು ಬೆಡ್‌ಶೀಟು ಮಡಿಸ್ತೀವಿ. ಹೊಸಬರು ಬಂದ್ರೆ ಅರವತ್ತೂ ಆಗಲ್ಲ."

"ಹೌದಲ್ಲ," ಅಂದರು ಅವರು. "ಸರಿ, ಹಾಗಾದ್ರೆ ಅವರು ಅಲ್ಲೇ ಇರಲಿ. ಒದ್ದೆ ಕಡೆಗೆ ಬೇರೆ ಯಾರನ್ನಾದ್ರೂ ಹಾಕ್ತೀನಿ."

ಗುಬ್ಬಿ ಕಕ್ಕಾಬಿಕ್ಕಿಯಾದಳು. ಇವರು ಆಗಲ್ಲ ಅನ್ನಬೇಕಿತ್ತಲ್ಲ. ಇಷ್ಟು ಸುಲಭಕ್ಕೆ ಯಾರಾದರೂ ಒಪ್ಪುತ್ತಾರೆಯೇ? ಬಾಯಿಮಾತಿಗೆ ಅಂದಿರಬೇಕು ಎನ್ನಿಸಿತು.

"ಅಲ್ಲದೆ ಸಾರ್, ಅವರು ಒಂದು ದಿನಾನೂ ತಡವಾಗಿ ಬಂದಿಲ್ಲ."

"ಸರಿ ಅಂದೆನಲ್ಲಮ್ಮ."

"ಬಟ್ಟೆ ಹರಿದಿದ್ರೆ ಮುಟ್ಟಿದ ಕೂಡಲೇ ಕಂಡುಹಿಡೀತಾರೆ ಸಾರ್."

ಮೇಲ್ವಿಚಾರಕರು ಕನ್ನಡಕ ಹಾಕಿಕೊಂಡು ಅವಳನ್ನೇ ನೋಡಿದರು. ಮೂರು ಕಾರಣಗಳೂ ಖರ್ಚಾಗಿದ್ದವು. ಸುಮ್ಮನಾದರೆ ಕೆಟ್ಟೆ ಎಂದು ಗಂಡ ಒಂದು ಕಿವಿಯಲ್ಲಿ, ನಿಜ ಹೇಳು ಎಂದು ಅತ್ತಿಗೆ ಇನ್ನೊಂದು ಕಿವಿಯಲ್ಲಿ. ನಾಲಿಗೆ ತಾನಾಗಿಯೇ ಹೊರಳಿತು.

"ಒದ್ದೆ ಬಟ್ಟೆ ಎತ್ತೋಕೆ ಅವರಿಂದ ಆಗಲ್ಲ ಸಾರ್. ಕೈ ನಡುಗುತ್ತೆ."

"ಕೈ ನಡುಗುತ್ತಾ? ಎಷ್ಟು ದಿನದಿಂದ?"

ಗುಬ್ಬಿ ಮಾತು ತಿರುಗಿಸಲು ನೋಡಿದಳು. "ಹಾಗೇನಿಲ್ಲ ಸಾರ್, ಯಾವಾಗಲೋ ಒಂದೊಂದು ಸಲ..."

"ಇಸ್ತ್ರಿ ಮಾಡೋ ಬಿಸಿ ರೋಲರ್ ನಿಮ್ಮ ಮೇಜಿನ ಪಕ್ಕದಲ್ಲೇ ಇದೆ. ಕೈ ಸಿಕ್ಕಿಹಾಕ್ಕೊಂಡ್ರೆ ಏನು ಗತಿ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಕಾಳಜಿಯೇ ಇತ್ತು. ಗುಬ್ಬಿ ಇನ್ನಷ್ಟು ಗೊಂದಲಕ್ಕೆ ಬಿದ್ದಳು. "ನೀವು ಹೇಳಿದ್ದು ಒಳ್ಳೇದಾಯ್ತಮ್ಮ. ನನಗೆ ಪೂರ್ತಿ ಮನವರಿಕೆ ಆಯ್ತು. ಅವರು ಇನ್ನು ಮನೇಲಿ ಆರಾಮಾಗಿರಲಿ. ಇವತ್ತೇ ಕಾಗದ ಬರೆಸ್ತೀನಿ."

ಗುಬ್ಬಿ ಬೇಡ ಸಾರ್ ಅಂದಳು, ದಮ್ಮಯ್ಯ ಅಂದಳು. ಅವರಾಗಲೇ ಫೋನು ಎತ್ತಿಕೊಂಡಿದ್ದರು. ಜನ್ಮದಲ್ಲಿ ಮೊದಲ ಸಲ ಅವಳ ಮಾತಿಗೆ ಒಬ್ಬರು ಪೂರ್ತಿ ಒಪ್ಪಿದ್ದರು. ತಾನು ಎಲ್ಲಿ ಎಡವಿದೆ ಎಂದು ಹೊರಗೆ ಬಂದರೂ ಅವಳಿಗೆ ಹೊಳೆಯಲಿಲ್ಲ.

ದೊಡ್ಡಕ್ಕ ಮೇಜಿನ ಬಳಿ ಕಾಯುತ್ತಿದ್ದಳು. ಗುಬ್ಬಿ ಮುಚ್ಚಿಡಲಿಲ್ಲ, ಅವರು ಅಂದದ್ದು ತಾನು ಅಂದದ್ದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ದೊಡ್ಡಕ್ಕ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬಲಗೈಯನ್ನು ಎಡಗೈಯಿಂದ ಅದುಮಿ ಹಿಡಿದುಕೊಂಡಳು.

"ಸರಿ ಅಂದ್ರಲ್ಲೇ ಅವರು," ಅಂದಳು. "ಅಷ್ಟಕ್ಕೇ ಬಂದುಬಿಡಬೇಕಿತ್ತಲ್ಲ."

"ಅದೊಂದನ್ನ ಯಾರೂ ಹೇಳಿಕೊಡಲಿಲ್ಲ ಅಕ್ಕಾ," ಅಂದಳು ಗುಬ್ಬಿ.