ಗೂಟಕ್ಕೆ ತೂಗಿದ ಕಣ್ಣಿಗಳು

ಜಕ್ಕಲಿಯ ಚನ್ನವ್ವನ ಮನೆಯಲ್ಲಿ ತತ್ತಿಯ ಹೆಸರೆತ್ತಿದರೂ ಬಾಯಿ ಮುಕ್ಕಳಿಸಬೇಕು. ಲಿಂಗಪೂಜೆಯಾಗದೆ ಆಕೆ ಚಹಾ ಸಹ ಮುಟ್ಟುವವಳಲ್ಲ. ಆದರೆ ಹಿತ್ತಲಿಗೆ ಹೋಗಿ ನೋಡಿರಿ, ನಾಲ್ಕು ಆಡು, ಅವುಗಳ ಮರಿ, ಕಾಲಿಟ್ಟಲ್ಲೆಲ್ಲ ಹಿಕ್ಕೆ. ನಮ್ಮ ಕಡೆ ಹೀಗೇ, ಸಾಕುವ ಮನೆ ಒಂದು, ತಿನ್ನುವ ಮನೆ ಇನ್ನೊಂದು. ಹೆಣ್ಣುಮರಿ ಹಾಲಿಗಾಯಿತು. ಗಂಡುಮರಿ ಎಲ್ಲಿಗೆ ಹೋಗಬೇಕು? ಅದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ.

ಅದಕ್ಕೊಂದು ರಿವಾಜು ಉಂಟು. ಗಜೇಂದ್ರಗಡದ ಆಡಿನ ವ್ಯಾಪಾರಿ ಖಾದರ ಬಂದು, ಮರಿಯ ಬೆನ್ನು ಹಿಡಿದು ನೋಡಿ, "ಸಾಕಾಕ ಒಯ್ಯಲೇನ್ರಿ ಅವ್ವಾರ?" ಎಂದು ಕೇಳಬೇಕು. "ಸಾಕಾಕಾದ್ರ ಒಯ್ಯಪಾ" ಎಂದು ಚನ್ನವ್ವ ಹೇಳಬೇಕು. ಸಾಕಲು ಹೋಗುವ ಜೀವ ಕೊರಳಿನ ಕಣ್ಣಿಯ ಸಮೇತ ಹೋಗಬೇಕು. ಹಗ್ಗ ಬಿಚ್ಚಿ ಬರಿಗೊರಳಲ್ಲಿ ಕಳಿಸಿದರೆ ಕೊಯ್ಯಲು ಕೊಟ್ಟಂತೆ. ವಾರದೊಳಗೆ ಖಾದರ ಅದೇ ಕಣ್ಣಿಯನ್ನು ತಂದು, "ಹೊಸಾದ ಹಾಕೇನ್ರಿ" ಎಂದು ಕಟ್ಟೆಯ ಮೇಲಿಟ್ಟು ಹೋಗುವನು. ಅವನದೂ ಸುಳ್ಳು, ಇವಳದೂ ಸುಳ್ಳು. ಆದರೆ ಎಂಥ ಮರ್ಯಾದೆಯ ಸುಳ್ಳು ನೋಡಿರಿ! ಹಿತ್ತಲ ಗೋಡೆಯ ಗೂಟದಲ್ಲಿ ಅಂಥ ಕಣ್ಣಿಗಳು ಹದಿನೆಂಟು ತೂಗುತ್ತಿದ್ದವು.

ಈ ಸಲದ ಮರಿಯ ಮಾತು ಬೇರೆ. ಹುಟ್ಟಿದ ಎರಡನೇ ದಿನಕ್ಕೇ ಅದರ ತಾಯಿ ಸತ್ತಿತು. ಚನ್ನವ್ವನ ಮಗನ ಮಗಳು ಚಿನ್ನು, ಎರಡನೇ ಇಯತ್ತೆಯ ಹುಡುಗಿ, ಬಾಟ್ಲಿಯಲ್ಲಿ ಹಾಲು ಕುಡಿಸಿ ಬದುಕಿಸಿದಳು. ಹಣೆಯ ಮೇಲೆ ಬಿಳಿ ಚುಕ್ಕೆ, ಅದಕ್ಕೇ ಅದು ಚುಕ್ಯಾ. ಬಾಗಿಲ ಸಂದಿಗೆ ಸಿಕ್ಕು ಎಡಗಿವಿ ಸೀಳಿತ್ತು. ಹೆಸರು ಕೂಗಿದರೆ ಸಾಕು, ಊಟದ ತಾಟಿನ ಮುಂದೆಯೂ ಹಾಜರು. ಆದರೆ ವರ್ಷ ತುಂಬುತ್ತಲೇ ಹೋತಿನ ನಾತ, ಕಂಡಕಂಡವರನ್ನು ಹಾಯುವ ಬುದ್ಧಿ ಬಂತು. ಚಿನ್ನು ಸಾಲಿಗೆ ಹೋದ ಹೊತ್ತು ನೋಡಿ ಚನ್ನವ್ವನೇ ಖಾದರನಿಗೆ ಫೋನು ಮಾಡಿದಳು.

ಖಾದರ ಮರಿಯ ಕಿವಿ ಹಿಡಿದು, "ಕಿವಿ ಹರದೈತ್ರಿ, ಬಕ್ರೀದ್ ಹಬ್ಬಕ್ಕ ನಡಿಯಂಗಿಲ್ಲ" ಎಂದವನೇ ನಾಲಗೆ ಕಚ್ಚಿಕೊಂಡ. "ಅಂದ್ರ... ಸಾಕಾಕ ನಡೀತೈತ್ರಿ."

ಚನ್ನವ್ವ ಕೇಳಿಸದವಳಂತೆ ಸೆರಗು ಸರಿಮಾಡಿಕೊಂಡಳು. "ಸಾಕಾಕಾದ್ರ ಒಯ್ಯಪಾ."

ಸಂಜೆ ಚಿನ್ನು ಬಂದು ಬರಿದಾದ ಜಾಗ ನೋಡಿದಳು.

"ಖಾದರ ಕಾಕಾ ಸಾಕಾಕ ಒಯ್ದಾನವ್ವಾ. ಅವನ ಹೊಲದಾಗ ಮೇವು ಭಾಳ ಐತಿ" ಎಂದಳು ಚನ್ನವ್ವ.

"ಹಂಗಾರ ನೋಡಾಕ ಹೋಗೂಣ ನಡಿ ಆಯಿ."

ಮೂರು ದಿನ ಇದೊಂದೇ ಮಾತು. ಹುಡುಗಿ ಅರ್ಧ ರೊಟ್ಟಿಗಿಂತ ಹೆಚ್ಚು ತಿನ್ನಲಿಲ್ಲ. ನಾಲ್ಕನೆಯ ದಿನ ಚನ್ನವ್ವ ಬಣವಿಯ ಹಿಂದೆ ನಿಂತು ಫೋನು ಹಚ್ಚಿದಳು.

"ಖಾದ್ರಾ, ಚುಕ್ಯಾನ್ನ ತಿರುಗಿ ತಂದು ಬಿಡಪಾ."

"ಹ್ಯಾಂಗ ತರ್ಲಿರಿ ಅವ್ವಾರ? ನಿಮಗೂ ಗೊತ್ತೈತೆಲ್ರಿ."

ಗೊತ್ತಿತ್ತು. ಹದಿನೆಂಟು ಸಲವೂ ಗೊತ್ತಿತ್ತು. ಶಿವನೇ, ಚಿನ್ನು ಕೈಯಾರೆ ಹಾಲು ಕುಡಿಸಿದ ಜೀವ! ಕಿವಿ ಹರಿದಿದೆ ಎಂದು ಅವನು ಅಂದಾಗಲಾದರೂ "ಬ್ಯಾಡ ಬಿಡು" ಅನ್ನಬಹುದಿತ್ತು. ಅನ್ನಲಿಲ್ಲ. ಈಗಲೂ ಆ ಬಾಯಿಗೆ ಬುದ್ಧಿ ಬರಲಿಲ್ಲ.

"ಹಂಗಾರ ಅಂಥಾದ ಒಂದು ತಾ. ಸಣ್ಣ ಹುಡುಗಿ, ಅದಕ್ಕೇನ ತಿಳೀತೈತಿ."

ರವಿವಾರ ಖಾದರ ಮರಿ ತಂದ. ಅದೇ ಎತ್ತರ, ಅದೇ ಬಣ್ಣ, ಹಣೆಯ ಮೇಲೆ ಚುಕ್ಕೆ, ಕೊರಳಲ್ಲಿ ಚುಕ್ಯಾನ ಕಣ್ಣಿ. ಎಡಗಿವಿಯೂ ಸೀಳಿತ್ತು. ಸೀಳು ಇನ್ನೂ ಹಸಿಯಾಗಿತ್ತು.

"ಅಯ್ಯ ನಿನ್ನ! ನಾ ಹೇಳಿದ್ನೇನೋ ಹಿಂಗ ಮಾಡಂತ?"

"ಅಂಥಾದ ಅಂದ್ರೆಲ್ರಿ ಅವ್ವಾರ" ಎಂದ ಖಾದರ ತಲೆ ತಗ್ಗಿಸಿ.

ಅಷ್ಟರಲ್ಲಿ ಚಿನ್ನು ಓಡಿ ಬಂದಳು. "ಚುಕ್ಯಾ!" ಎಂದು ಕೂಗಿದಳು. ಮರಿ ತಲೆ ಎತ್ತಲಿಲ್ಲ. ಹತ್ತಿರ ಹೋಗಿ ಕಿವಿ ಮುಟ್ಟಿದಳು, ಬೆರಳಿಗೆ ಕೆಂಪು ಹತ್ತಿತು. ಬೆರಳು ನೋಡಿಕೊಂಡಳು, ಆಮೇಲೆ ಅಜ್ಜಿಯ ಮುಖ ನೋಡಿದಳು.

"ನೋಡು, ನಿನ್ನ ಚುಕ್ಯಾ ಬಂತು" ಎಂದಳು ಚನ್ನವ್ವ.

"ಹೂಂ ಆಯಿ, ಚುಕ್ಯಾನ ಐತಿ. ನನ್ನ ಮರತೈತಿ, ಅಷ್ಟ."

ಹೇಳಿದ ಧಾಟಿ ಚನ್ನವ್ವನದೇ. ಖಾದರ ಚಹಾಕ್ಕೂ ನಿಲ್ಲದೆ ಚಪ್ಪಲಿ ಮೆಟ್ಟಿಕೊಂಡು ಹೋದ.

ಸಂಜೆ ಚನ್ನವ್ವ ಮರಿಯ ಕಿವಿಗೆ ಅರಿಷಿಣ ಎಣ್ಣೆ ಹಚ್ಚುತ್ತ ಕುಳಿತಳು. ನೋವಿಗೆ ಅದು ಒದರಿದಾಗ ಆಕೆಗೆ ತಡೆಯಲಾಗಲಿಲ್ಲ.

"ಚಿನ್ನೂ, ಇದು ಚುಕ್ಯಾ ಅಲ್ಲವ್ವಾ. ನಾ ಸುಳ್ಳ ಹೇಳಿದ್ನಿ."

"ನಂಗ ಗೊತ್ತೈತಿ" ಎಂದಳು ಹುಡುಗಿ. "ಹೇಳಿದ್ರ ನೀ ಅಳತೀದಿ ಅಂತ ಸುಮ್ಮನಿದ್ನಿ."

ಚನ್ನವ್ವ ಅವಳನ್ನು ಎಳೆದು ಮಡಿಲಿಗೆ ಹಾಕಿಕೊಂಡಳು. ಅಳು ಬಂದೇ ಬಂತು. ಹುಡುಗಿ ಅಳಲಿಲ್ಲ. ಮಡಿಲಲ್ಲಿ ಮಲಗಿಯೇ ಗೋಡೆಯ ಗೂಟದ ಕಡೆ ನೋಡುತ್ತಿದ್ದಳು, ತುಟಿ ಅಲ್ಲಾಡುತ್ತಿತ್ತು, ಹದಿನೆಂಟರವರೆಗೂ ಎಣಿಸಿರಬೇಕು.

"ಆಯಿ," ಎಂದಳು ಕಡೆಗೆ, "ಇದನ್ನ ಯಾವಾಗ ಸಾಕಾಕ ಕಳಸ್ತೀ?"