ಮುಳ್ಳು ಮೇಲೇಳದ ಕಾರು

ಹೀಟರ್ ರಿಪೇರಿಗೆ ಅಂತ ನನ್ನ ಶೆಡ್ಡಿಗೆ ಗಾಡಿ ಬಂದದ್ದು ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲು. ಬಂಗಾರಪೇಟೆಯ ಬಿಸಿಲಿಗೆ ಜನ ಏಸಿ ಸರಿಮಾಡು ಅಂತ ಬರುತ್ತಾರೆ, ಹೀಟರಿನ ಗುಂಡಿ ಎಲ್ಲಿದೆ ಅಂತಲೂ ಅರ್ಧ ಜನಕ್ಕೆ ಗೊತ್ತಿಲ್ಲ. ಡಿಸೆಂಬರಿನ ಆ ಸೋಮವಾರ ಉರಿಗಾಂನ ಶ್ಯಾಮಲಾ ಬೆಳಿಗ್ಗೆ ಒಂಬತ್ತಕ್ಕೇ ಬಂದು, ಹೀಟರ್ ಹಾಕಿದರೆ ತಣ್ಣಗಿನ ಗಾಳಿ ಬರುತ್ತದೆ ಅಂದಾಗ ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ.

ಅವಳ ಅಪ್ಪ ಕುಪ್ಪುಸ್ವಾಮಿ ಮೂವತ್ತು ವರ್ಷ ಚಿನ್ನದ ಗಣಿಯೊಳಗೆ ದುಡಿದವರು. ಗಣಿ ಮುಚ್ಚಿ ಎಷ್ಟೋ ಕಾಲವಾಯಿತು, ಎದೆಯೊಳಗಿನ ಕಲ್ಲುಧೂಳು ಮಾತ್ರ ಹೋಗಿಲ್ಲ. ಬೆಂಗಳೂರಿನ ಡಾಕ್ಟರು ನೋಡಿ, ಮನೆಯಲ್ಲೇ ಆಕ್ಸಿಜನ್ ಇಡಬೇಕೋ ಬೇಡವೋ ಹೇಳಬೇಕಿತ್ತು. ರೈಲು ಹತ್ತುವ ಶಕ್ತಿ ಅವರಿಗಿಲ್ಲ. ಹಿಂದಿನ ವಾರ ಮಗಳೇ ಕಾರು ಓಡಿಸಿಕೊಂಡು ಬೆಳಗಿನ ಜಾವ ಹೊರಟಿದ್ದಳು. ಹೊಸಕೋಟೆಗೆ ಮುಂಚೆಯೇ ಮುಂದಿನ ಗಾಜಿಗೆ ಮಂಜು ಕಟ್ಟಿತು. ಬಿಸಿಗಾಳಿ ಬಂದರೆ ತಾನೇ ಅದು ಹೋಗುವುದು? ದಾರಿ ಕಾಣದೆ ಕಿಟಕಿ ಇಳಿಸಿದಳು. ಚಳಿಗಾಳಿ ಹೊಡೆದು ಮುದುಕರು ಕೆಮ್ಮಿ ಕೆಮ್ಮಿ ತುಟಿ ನೀಲಿಯಾಗಿ, ಅಲ್ಲಿಂದಲೇ ವಾಪಸ್ಸು. ಇನ್ನು ಯಾವ ಆಸ್ಪತ್ರೆಗೂ ಬರಲ್ಲ ಅಂತ ಅವತ್ತೇ ಅವರು ಕೈಮುಗಿದುಬಿಟ್ಟರಂತೆ. ಶ್ಯಾಮಲಾ ಡಾಕ್ಟರನ್ನು ಕಾಡಿಬೇಡಿ ನಾಳೆಗೆ ಮತ್ತೆ ಟೈಮ್ ತಗೊಂಡಿದ್ದಳು. ಇದು ತಪ್ಪಿದರೆ ಯುಗಾದಿ ಕಳೆದ ಮೇಲೆಯೇ.

ಸಾಯಂಕಾಲ ಬಾ ಅಂದೆ. ಇಲ್ಲೇ ಕೂತಿರುತ್ತೇನೆ ಅಂದು ಒಂದು ಹಳೇ ಟೈರಿನ ಮೇಲೆ ಕೂತಳು. ಕೆಲಸ ಮಾಡುವಾಗ ಯಾರಾದರೂ ನೋಡುತ್ತಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ, ಆದರೂ ಬಾನೆಟ್ ಎತ್ತಿ ಕೆಲಸ ಶುರುಮಾಡಿದೆ.

ಒಳಗಿನ ಫ್ಯಾನು ಜೋರಾಗೇ ತಿರುಗುತ್ತಿತ್ತು. ಬಿಸಿ-ತಣ್ಣಗೆ ಬದಲಿಸುವ ಕೇಬಲ್ಲೂ ಸರಿ. ರೇಡಿಯೇಟರಿನಲ್ಲಿ ನೀರು ತುಂಬಿತ್ತು. ಕಾಮಸಮುದ್ರದ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿಕೊಂಡು ಬಂದು ಬಾನೆಟ್ ಎತ್ತಿದೆ. ಹೀಟರಿಗೆ ಹೋಗುವ ಪೈಪು, ಬರುವ ಪೈಪು, ಎರಡನ್ನೂ ಹಿಡಿದು ನೋಡಿದೆ. ಒಳಗೆ ಕಸ ಕಟ್ಟಿಕೊಂಡಿದ್ದರೆ ಒಂದು ಸುಡಬೇಕು, ಇನ್ನೊಂದು ತಣ್ಣಗಿರಬೇಕು. ಇಲ್ಲಿ ಎರಡೂ ಒಂದೇ ಥರ ಉಗುರುಬೆಚ್ಚಗಿದ್ದವು. ಆದರೂ ನನ್ನ ಮೊಂಡುತನ, ಪೈಪು ಕಿತ್ತು ನೀರು ಹಾಯಿಸಿ ತೊಳೆದೆ. ತಿಳಿನೀರೇ ಬಂತು. ಹನ್ನೊಂದೂವರೆ ಆಯಿತು.

"ಅಣ್ಣಾ, ಇಂಜಿನ್ ಬಿಸಿ ತೋರ್ಸೋ ಈ ಮುಳ್ಳು ಯಾವಾಗ್ಲೂ ಕೆಳಗೇ ಬಿದ್ದಿರ್ತದೆ. ಎಷ್ಟು ದೂರ ಹೋದ್ರೂ ಮೇಲೇಳಲ್ಲ. ಅದೂ ಕೆಟ್ಟೋಗೈತಾ?" ಅಂದಳು ಶ್ಯಾಮಲಾ, ಡ್ರೈವರ್ ಸೀಟಿನ ಕಡೆ ಬಗ್ಗಿ.

ಇಂಜಿನ್ ತಣ್ಣಗಿದ್ದರೆ ಒಳ್ಳೆಯದೇ ಅಲ್ಲವೇನಮ್ಮ ಅನ್ನಲು ಹೋದವನು ಅರ್ಧಕ್ಕೇ ನಿಂತೆ. ಇಂಜಿನ್ನೇ ಬಿಸಿಯಾಗದಿದ್ದರೆ ಹೀಟರಿಗೆ ಬಿಸಿ ಎಲ್ಲಿಂದ ಬರಬೇಕು?

ಇಂಜಿನ್ನಿಂದ ರೇಡಿಯೇಟರಿಗೆ ನೀರು ಹೋಗುವ ಬಾಯಲ್ಲಿ ಥರ್ಮೋಸ್ಟಾಟ್ ಅಂತ ಒಂದು ಪುಟ್ಟ ಬಾಗಿಲು ಇರುತ್ತದೆ. ನೀರು ಕಾಯುವವರೆಗೂ ಅದು ಮುಚ್ಚಿರುತ್ತದೆ, ಕಾದ ಮೇಲೆ ತೆರೆದುಕೊಳ್ಳುತ್ತದೆ. ಬಿಚ್ಚಿದೆ. ಜಾಗ ಖಾಲಿ. ತಡೆಯುವ ಬಾಗಿಲೇ ಇಲ್ಲದೆ ನೀರು ಕಾಯುವ ಮುಂಚೆಯೇ ರೇಡಿಯೇಟರಿಗೆ ಹರಿದು ತಣ್ಣಗಾಗುತ್ತಿತ್ತು.

ಯಾರು ತೆಗೆದದ್ದು ಅಂತ ಕೇಳುವ ಅಗತ್ಯವಿರಲಿಲ್ಲ. ಮೂರು ವರ್ಷದ ಹಿಂದೆ ಮೇ ತಿಂಗಳಲ್ಲಿ ಈ ಗಾಡಿ ಕುದಿಯುತ್ತಿದೆ ಅಂತ ಕುಪ್ಪುಸ್ವಾಮಿ ತಂದಾಗ, ನಮ್ಮ ಬಿಸಿಲಿಗೆ ಇದ್ಯಾಕಣ್ಣ ಅಂತ ಕಿತ್ತು ಗುಜರಿಗೆ ಎಸೆದವನು ನಾನೇ. ನಮ್ಮ ಕಡೆ ಎಲ್ಲ ಮೆಕ್ಯಾನಿಕ್ಕುಗಳೂ ಹಾಗೇ ಮಾಡುತ್ತೇವೆ, ಗುರುಗಳಿಂದ ಕಲಿತ ವಿದ್ಯೆ. ನೆಗಡಿ ಬಂತು ಅಂತ ಮೂಗು ಕುಯ್ದುಕೊಂಡ ಹಾಗೆ.

ಹೊಸದನ್ನು ತಂದು ಹಾಕಿ, ಪೈಪು ಕಟ್ಟಿತ್ತು ಅಂತ ಒಂದು ಸುಳ್ಳು ಹೇಳಿದರೆ ಮುಗಿಯುತ್ತಿತ್ತು. ಆ ಯೋಚನೆ ನನಗೆ ಬರಲಿಲ್ಲ ಅಂದರೆ ಅದೂ ಸುಳ್ಳೇ. ಪೇಟೆಯಲ್ಲಿ ಸಿಗದೆ ಕೋಲಾರದವರೆಗೆ ಬೈಕಿನಲ್ಲಿ ಹೋಗಿ ತಂದೆ. ಶೆಡ್ಡಿನ ಪಕ್ಕದ ಸುಮಲತಳ ಟೀ ಅಂಗಡಿಯಲ್ಲಿ ಕುದಿಯುವ ನೀರು ಕೇಳಿ, ದಾರ ಕಟ್ಟಿ ಅದರಲ್ಲಿ ಇಳಿಬಿಟ್ಟು, ಬಾಯಿ ಬಿಡುವುದನ್ನು ಕಣ್ಣಾರೆ ನೋಡಿಯೇ ಹಾಕಿದೆ.

ಸ್ಟಾರ್ಟ್ ಮಾಡಿದರೆ ಮುಳ್ಳು ನಿಧಾನವಾಗಿ ಎದ್ದಿತು. ಬಿಸಿಗಾಳಿ ಬಂತು. ಶ್ಯಾಮಲಾಳ ಮುಖದಲ್ಲಿ ನಗು ಕಾಣುವಷ್ಟರಲ್ಲಿ ಮುಳ್ಳು ಅರ್ಧ ದಾಟಿ, ಮುಕ್ಕಾಲೂ ದಾಟಿತು. ಆಫ್ ಮಾಡಿದೆ. ರೇಡಿಯೇಟರಿನ ಫ್ಯಾನು ತಿರುಗಿಯೇ ಇರಲಿಲ್ಲ. ವೈರು ಕಿತ್ತು ಬ್ಯಾಟರಿಯಿಂದ ನೇರ ಕೊಟ್ಟರೆ ತಿರುಗಿತು. ಸತ್ತಿದ್ದದ್ದು ಫ್ಯಾನಿನ ಸ್ವಿಚ್ಚು. ಮೂರು ವರ್ಷದ ಹಿಂದೆ ಗಾಡಿ ಕುದಿದದ್ದೂ ಇದರಿಂದಲೇ. ರೋಗ ಹುಡುಕದೆ ಬಾಗಿಲು ಕಿತ್ತಿದ್ದೆ. ನಾಚಿಕೆಯಾಯಿತು. ಊಟ ಬಿಟ್ಟು ಸ್ವಿಚ್ಚು ಹುಡುಕಿ ತಂದು ಹಾಕಿ, ಮತ್ತೆ ಕಾಮಸಮುದ್ರದ ರಸ್ತೆಯಲ್ಲಿ ಹೋಗಿಬಂದೆ. ಮುಳ್ಳು ಅರ್ಧದಲ್ಲೇ ಕೂತಿತ್ತು. ದುಡ್ಡು ಬೇಡ ಅಂದೆ, ಯಾಕೆ ಅಂತಲೂ ಶ್ಯಾಮಲಾಗೆ ಹೇಳಿದೆ. ಅವಳು ಬೈಯಲಿಲ್ಲ. ಅದನ್ನೇ ಮನೆಗೆ ಬಂದು ಅಪ್ಪನಿಗೆ ಹೇಳು ಅಂದಳು.

ಸಾಯಂಕಾಲ ಐದಕ್ಕೆ ಉರಿಗಾಂನ ಅವರ ಮನೆ ಮುಂದೆ ಕಾರು ನಿಲ್ಲಿಸಿ, ಕುಪ್ಪುಸ್ವಾಮಿಯವರನ್ನು ಮುಂದಿನ ಸೀಟಿನಲ್ಲಿ ಕೂರಿಸಿದೆವು. ಕೂರುವುದಕ್ಕೇ ಅವರಿಗೆ ಮೂರು ಸಲ ಉಸಿರು ತಗೊಳ್ಳಬೇಕಾಯಿತು. ಇಂಜಿನ್ನಿನ ನೀರು ತಡೆಯುವ ಬಾಗಿಲು ಕಿತ್ತಿದ್ದು ನಾನೇ ಅಣ್ಣ, ತಪ್ಪು ನಂದು, ಅಂದೆ.

ಅವರಿಗೆ ವಿವರಿಸಬೇಕಾಗಲಿಲ್ಲ. ಗಣಿಯೊಳಗೂ ಗಾಳಿಗೆ ಬಾಗಿಲುಗಳಿದ್ದವಂತೆ. ಒಂದನ್ನು ತೆರೆದಿಟ್ಟರೆ ಗಾಳಿ ಸುಲಭದ ದಾರಿ ಹಿಡಿದು ಹೋಗಿಬಿಡುತ್ತಿತ್ತು, ಕೆಲಸ ಮಾಡುವವರ ಹತ್ತಿರ ಬರುತ್ತಲೇ ಇರಲಿಲ್ಲವಂತೆ. ಅಷ್ಟು ಹೇಳಿ ಅಂಗೈಯನ್ನು ಬಿಸಿಗಾಳಿಗೆ ಹಿಡಿದರು.

"ಮೂರು ವರ್ಷದಿಂದ ಈ ಗಾಡೀಲಿ ಕೂತ್ರೆ ನಡುಗ್ತಿದ್ದೆ ತಂಬಿ," ಅಂದರು. "ಹೀಟ್ರು ಹಾಕಿದೀನಪ್ಪಾ ಅಂತಾಳೆ ಮಗ್ಳು, ನಂಗೆ ಬಿಸೀನೇ ತಟ್ಟಲ್ಲ. ಮೈಯೇ ಸತ್ತೋಯ್ತು, ಇನ್ನು ಡಾಕ್ಟ್ರು ಯಾಕೆ ಅಂದ್ಕೊಂಡ್ಬಿಟ್ಟಿದ್ದೆ."

ಅವರು ಕೈ ತೆಗೆಯಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಬಿಸಿಗೆ ಹಿಡಿಯುತ್ತಾ, ಮಗಳ ಕಡೆ ತಿರುಗಿ ನಾಳೆ ಎಷ್ಟು ಗಂಟೆಗೆ ಹೊರಡೋದು ಅಂತ ಕೇಳಿದರು.