ಗಾಡಿ ನೆಟ್ಟಗಾದ ಮ್ಯಾಲೆ

ಎಂಬತ್ತೈದನೇ ಇಸವಿಯ ಮಳೆಗಾಲ. ಬೆಳಗಾವಿಯ ದರಬಾರ ಗಲ್ಲಿಯಲ್ಲಿ ಅಲ್ಲಾಭಕ್ಷನ ಮನೆಯ ಮುಂದೆ ಒಂದು ಮುಂಜಾನೆ ಟೆಂಪೊ ಬಂದು ನಿಂತಿತು. ಹಿಂದೆ ಹಗ್ಗ ಬಿಗಿದು ಕಟ್ಟಿದ ಕೆಂಪು ಮೋಟರಸೈಕಲ್ಲು. ಮುಂದೆ, ಡ್ರೈವರನ ಬಾಜು, ಬುರ್ಖಾದೊಳಗೆ ಮುದುಡಿ ಕುಳಿತ ಮಗಳು ಬಿಲ್ಕೀಸ. ಬೇಸಿಗೆಯಲ್ಲಿ ನಿಕಾಹ ಮಾಡಿ ಖಾನಾಪುರಕ್ಕೆ ಕಳಿಸಿಕೊಟ್ಟ ಮಗಳು, ಅಳಿಯ ನಾಸೀರನಿಗೆ ಮಾತಿನಂತೆ ಕೊಟ್ಟ ಹೊಚ್ಚ ಹೊಸ ಗಾಡಿ. ಜೊತೆಗೆ ಬಂದಿದ್ದವನು ನಾಸೀರನ ಸೋದರಮಾವ. ಆತ ಟೆಂಪೊ ಬಿಟ್ಟು ಕೆಳಗಿಳಿಯಲಿಲ್ಲ, ಚಹಾಕ್ಕೂ ಒಲ್ಲೆ ಅಂದ.

"ಅಕ್ಕ ಹೇಳ್ಯಾಳ್ರಿ, ಗಾಡಿ ನೆಟ್ಟಗಾದ ಮ್ಯಾಲೆ ಎರಡನ್ನೂ ಕೂಡೇ ಕಳಸ್ರಿ ಅಂತ."

ಎರಡನ್ನೂ ಅಂತೆ! ಮನೆಯ ಸೊಸೆಯನ್ನು ಗಾಡಿಯ ಜೊತೆ ಸೇರಿಸಿ ಎಣಿಸಿದ ಆ ಬಾಯಿಗೆ ಏನನ್ನಬೇಕು? ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ನಾಲ್ಕು ಮಾತು ಅಂದು ಕಳಿಸುತ್ತಿದ್ದರು. ಅಲ್ಲಾಭಕ್ಷ ಹಗ್ಗ ಬಿಚ್ಚಿ ಗಾಡಿ ಇಳಿಸಿಕೊಂಡ. ಅವನಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ಹೆದರಿಕೆ. ಓಣಿಯ ಕಿಟಕಿಗಳೆಲ್ಲ ತೆರೆದಿದ್ದವು. ಇವಳನ್ನು ಅವರು ಇಲ್ಲೇ ಬಿಟ್ಟುಬಿಟ್ಟರೆ ಮುಂದೆ ಗತಿಯೇನು ಎನ್ನುವುದೊಂದೇ ಅವನ ತಲೆಯಲ್ಲಿ ಓಡುತ್ತಿತ್ತು.

ಗಾಡಿಯ ರೋಗ ವಿಚಿತ್ರವಾಗಿತ್ತು. ಐದಾರು ಮೈಲು ಚೆಂದಾಗಿ ಓಡಿ, ಆಮೇಲೆ ಗೊರಗೊರ ಅಂದು, ಮುಗ್ಗರಿಸಿ ನಡುದಾರಿಯಲ್ಲಿ ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಕಿಕ್ ಹೊಡೆದರೆ ಏನೂ ಆಗೇ ಇಲ್ಲವೆಂಬಂತೆ ಮತ್ತೆ ಶುರು! ಮಳೆ ಹಿಡಿದ ಹೊಸತರಲ್ಲಿ ಮೊದಲ ಸಲ ನಿಂತು ಮತ್ತೆ ಶುರುವಾಗದೆ ಹೋದಾಗ ನಾಸೀರ ಅದನ್ನು ಬೆಳಗಾವಿಯ ಶೋರೂಮಿಗೆ ತಂದಿದ್ದ. ಮ್ಯಾನೇಜರ ಬಿಂದುಮಾಧವರಾಯರು ಟ್ಯಾಂಕು ಬರಿದು ಮಾಡಿಸಿ, "ಪೆಟ್ರೋಲಿನ್ಯಾಗ ಮಳಿ ನೀರು ಹೊಕ್ಕೈತಿ. ನಿಮ್ಮ ಖಾನಾಪುರದ ಮಳಿ ಕೇಳಬೇಕ? ಟ್ಯಾಂಕಿನ ಮುಚ್ಚಳ ಬಂದೋಬಸ್ತ ಇಟಗೋರಿ," ಅಂದಿದ್ದರು.

ಆ ಮಾತು ಕೇಳಿ ಬಿಲ್ಕೀಸ ಟ್ಯಾಂಕಿಗೊಂದು ಕವರು ಹೊಲಿದಿದ್ದಳು. ಹೊಲಿಯದೆ ಏನು, ಅವಳಪ್ಪನ ಕಸುಬೇ ಅದು. ಕೋಟೆಯ ಹತ್ತಿರ ಅಲ್ಲಾಭಕ್ಷನ ಅಂಗಡಿ. ರಿಕ್ಷಾ, ಸ್ಕೂಟರು, ಟಾಂಗಾ, ಯಾವುದರ ಸೀಟು ಹರಿದರೂ ಜನ ಅವನ ಹತ್ತಿರ ಬರುತ್ತಿದ್ದರು. ಅಪ್ಪನ ಪಕ್ಕ ಕುಳಿತು ಕಲಿತ ಕೈ. ಕಪ್ಪು ರೆಕ್ಸಿನ್ನು, ಅಂಚಿಗೆ ಕೆಂಪು ಪಟ್ಟಿ, ಒಳಗೆ ರಬ್ಬರಿನ ಅಸ್ತರು, ಮುಚ್ಚಳದ ಮೇಲೆ ಒತ್ತಿ ಕೂರಿಸುವ ಟಿಚ್‌ಬಟನ್ನಿನ ಬಿಗಿಯಾದ ಒಂದು ಪದರು. ಒಂದು ಹನಿ ನೀರು ಒಳಗೆ ಹೋಗುವ ಹಾಗಿರಲಿಲ್ಲ. ಇಷ್ಟಾದರೂ ಗಾಡಿ ನಿಲ್ಲುವುದು ತಪ್ಪಲಿಲ್ಲ, ಮೊದಲಿಗಿಂತ ಜಾಸ್ತಿಯಾಯಿತು. ಅತ್ತೆ ಅಖ್ತರಿಬೀ, ಸೊಸೆಯ ಕಾಲ್ಗುಣ ಸರಿಯಿಲ್ಲ ಎಂದು ಬಂದವರ ಮುಂದೆಲ್ಲ ಹೇಳತೊಡಗಿದಳು.

ಅಲ್ಲಾಭಕ್ಷ ಮರುದಿನವೇ ಗಾಡಿಯನ್ನು ಶೋರೂಮಿಗೆ ಒಯ್ದ. ಗಿರಾಕಿಗಳ ಗಾಡಿ ಹತ್ತಿ ಇಳಿದು ಅವನಿಗೆ ಓಡಿಸುವುದು ಚೆನ್ನಾಗಿ ಬರುತ್ತಿತ್ತು. ಹೊರಡುವ ಮೊದಲು ಕವರನ್ನು ಜೋಪಾನವಾಗಿ ಬಿಚ್ಚಿ ಮನೆಯಲ್ಲಿಟ್ಟ. ಮಗಳು ಅಷ್ಟು ನಾಜೂಕಾಗಿ ಹೊಲಿದದ್ದಕ್ಕೆ ಮೆಕ್ಯಾನಿಕರ ಎಣ್ಣೆಗೈ ತಾಗಬಾರದಲ್ಲ.

"ಬರ್ರಿ ಬರ್ರಿ ಸಾಹೇಬ್ರ, ಕುಂದರ್ರಿ. ಏ, ಒಂದು ಚಹಾ ತಾರೋ," ಎಂದರು ಬಿಂದುಮಾಧವರಾಯರು. ಗಾಡಿ ಕೊಳ್ಳುವಾಗ ಬಂದದ್ದೂ ಇದೇ ಚಹಾ, ಇದೇ ನಗು. ಎಲ್ಲ ಕೇಳಿ, ತಲೆ ಆಡಿಸಿ, "ಹೊಸಾ ಗಾಡಿ ಅಂದ್ರ ಹೊಸಾ ಸೊಸಿ ಇದ್ದಾಂಗ್ರಿ. ಹೊಂದ್ಕೊಳ್ಳಾಕ ಟೈಮ್ ಬೇಕಲ್ಲ!" ಎಂದು ತಾವೇ ನಕ್ಕರು.

ಅಲ್ಲಾಭಕ್ಷನಿಗೆ ನಗು ಬರಲಿಲ್ಲ.

ಪ್ಲಗ್ಗು ಬದಲಾಯಿಸಿದರು, ಕಾರ್ಬೊರೇಟರು ಬಿಚ್ಚಿ ತೊಳೆದರು. ಮೆಕ್ಯಾನಿಕ ಮೈಲಾರಲಿಂಗ ಸಾಂಬ್ರಾದ ವಿಮಾನ ನಿಲ್ದಾಣದ ತನಕ ಹೋಗಿ ತಿರುಗಿ ಬಂದು, "ಒಮ್ಮಿ ಕೆಮ್ಮಲಿಲ್ಲರಿ. ಕುದರಿ ಓಡಿದಾಂಗ ಓಡತೈತಿ," ಅಂದ. ಖುಷಿಯಾಗಿ ಮನೆಗೆ ತಂದು, ಕವರು ಹಾಕಿ, ಅನಗೋಳದ ಆಚೆ ಒಂದು ದೊಡ್ಡ ಸುತ್ತು ಹೊಡೆಯಲು ಹೋದರೆ ಹೊಲದ ನಡುವೆ ಗೊರಗೊರ. ನಿಂತಿತು. ಮತ್ತೆ ಶೋರೂಮು, ಮತ್ತೆ ಸಾಂಬ್ರಾ, ಮತ್ತೆ ಕುದುರೆಯ ಓಟ. "ನನ್ನ ಮುಂದ ನಿಂತು ತೋರಸಲ್ರಿ ಸಾಹೇಬ್ರ, ಆಗ ಕಂಪನಿಗೆ ಬರೀತೇನಿ," ಎಂದರು ರಾಯರು. ಪಾಪ, ಅಲ್ಲಾಭಕ್ಷ ನಮಾಜಿನಲ್ಲಿ ಕೇಳಿಕೊಂಡದ್ದೂ ಅದನ್ನೇ. ಯಾ ಅಲ್ಲಾ, ಒಂದೇ ಒಂದು ಸಲ ಆ ಶೋರೂಮಿನ ಬಾಗಿಲಲ್ಲಿ ಇದನ್ನು ನಿಲ್ಲಿಸಿಬಿಡು.

ನಿಲ್ಲಲಿಲ್ಲ. ಕೊನೆಯ ಸಲ ಹೋದಾಗ ಚಹಾ ಬರಲಿಲ್ಲ, ನಗುವೂ ಇರಲಿಲ್ಲ. "ಗಾಡ್ಯಾಗ ಏನೂ ದೋಷ ಇಲ್ಲ. ನಿಮ್ಮ ಅಳಿಯಾಗ ಓಡಸಾಕ ಬರೂದಿಲ್ಲ, ಅಷ್ಟ. ಹೋಗಿ ಹೇಳ್ರಿ ಅವರಿಗೆ," ಎಂದರು ರಾಯರು.

ಹೇಳುವುದಂತೆ! ನಿಮ್ಮ ಮಗನಿಗೆ ಗಾಡಿ ಓಡಿಸಲು ಬರುವುದಿಲ್ಲ ಎಂದು ಆ ಅಖ್ತರಿಬೀಯ ಮುಂದೆ ಹೇಳಿದರೆ ಮಗಳ ಸಂಸಾರ ಅಲ್ಲಿಗೆ ಮುಗಿದಂತೆಯೇ. ಮನೆಯಲ್ಲಿ ಹೆಂಡತಿ ಮಮ್ತಾಜ ದಿನಾ ಅದನ್ನೇ ಕೇಳುತ್ತಿದ್ದಳು: "ಮೆಕ್ಯಾನಿಕ ಏನಂದ?" ಓಣಿಯವರು ಬೇರೆ ಕೇಳುತ್ತಿದ್ದರು: "ಬಿಲ್ಕೀಸ ಇನ್ನೂ ಎಷ್ಟ ದಿನಾ ಇರತಾಳ?" ಬಿಲ್ಕೀಸ ಮಾತ್ರ ಏನೂ ಕೇಳುತ್ತಿರಲಿಲ್ಲ. ಮಷೀನಿನ ಮುಂದೆ ಕುಳಿತು ಅಪ್ಪನ ಗಿರಾಕಿಗಳ ಸೀಟು ಹೊಲಿಯುತ್ತಿದ್ದಳು, ಹೊರಗೆ ಯಾವುದೇ ಗಾಡಿಯ ಸದ್ದಾದರೂ ಕಾಲು ತಡೆದು ಕಿವಿಗೊಡುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ಅಲ್ಲಾಭಕ್ಷ ಎದ್ದು ಹೊರಗೆ ಹೋಗಿಬಿಡುತ್ತಿದ್ದ.

ಒಂದು ಐತವಾರ ಅವನು ಗಟ್ಟಿ ಮನಸ್ಸು ಮಾಡಿದ. ಶೋರೂಮಿನವರು ನೆಟ್ಟಗಿದೆ ಅಂದಮೇಲೆ ನೆಟ್ಟಗಿದೆ. ಹೇಗಾದರೂ ಖಾನಾಪುರ ಮುಟ್ಟಿಸಿ, ಕೈ ಮುಗಿದು, ಮಗಳನ್ನು ಒಳಗೆ ಬಿಟ್ಟು ಬರುವುದು. ಮಳೆ ಹೊಳವಾಗಿತ್ತು. ಗಾಡಿ ಒರೆಸಿ, ಬೀಗರ ಮನೆಗೆ ಬರಿಮೈಯಲ್ಲಿ ಹೋಗುವುದು ಬೇಡವೆಂದು ಕವರು ತೊಡಿಸಿ, ಮಗಳನ್ನು ಹಿಂದೆ ಕೂರಿಸಿಕೊಂಡು ಹೊರಟ. ಪೀರನವಾಡಿ ದಾಟಿತು, ಮಚ್ಛೆ ದಾಟಿತು. ಅಲ್ಲಾಭಕ್ಷನ ಜೀವವೆಲ್ಲ ಎಂಜಿನ್ನಿನ ಸದ್ದಿನಲ್ಲಿತ್ತು. ಹಿಂದೆ ಮಗಳು ಅವನ ಭುಜ ಹಿಡಿದ ಬೆರಳು ಸಡಿಲ ಬಿಟ್ಟಿರಲಿಲ್ಲ.

ದೇಸೂರು ದಾಟಿದ ಮೇಲೆ ಗೊರಗೊರ.

"ಅಬ್ಬಾ..." ಎಂದಳು ಬಿಲ್ಕೀಸ. ಗಾಡಿ ನಿಂತೇಬಿಟ್ಟಿತು.

ಅಲ್ಲಾಭಕ್ಷನಿಗೆ ಅಳುವೇ ಬಂತು. ಪೆಟ್ರೋಲಾದರೂ ಇದೆಯೋ ಇಲ್ಲವೋ ನೋಡೋಣವೆಂದು ಟಿಚ್‌ಬಟನ್ನು ಕಿತ್ತು, ಪದರು ಸರಿಸಿ, ಮುಚ್ಚಳ ತಿರುಗಿಸಿದ. ಸುಂಯ್ ಎಂದು ಒಂದು ಸದ್ದಾಯಿತು. ಟ್ಯಾಂಕು ಉಸಿರೆಳೆದುಕೊಂಡ ಹಾಗೆ. ಪೆಟ್ರೋಲು ಅರ್ಧಕ್ಕಿಂತ ಮೇಲಿತ್ತು. ಮುಚ್ಚಳ ಹಾಕಿ ಕಿಕ್ ಹೊಡೆದ, ಒಂದೇ ಏಟಿಗೆ ಶುರು! ಇನ್ನೈದು ಮೈಲಿಗೆ ಮತ್ತೆ ನಿಂತಿತು. ಮತ್ತೆ ಮುಚ್ಚಳ ತೆಗೆದ, ಮತ್ತೆ ಸುಂಯ್.

ಅವನು ಮುಚ್ಚಳವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ನಡುವೆ ಸೂಜಿಮೊನೆಯಷ್ಟು ಒಂದು ತೂತು. ಪೆಟ್ರೋಲು ಖರ್ಚಾದ ಹಾಗೆ ಗಾಳಿ ಒಳಗೆ ಹೋಗಲೆಂದು ಕಂಪನಿಯವರೇ ಕೊಟ್ಟದ್ದು. ಗಾಳಿ ಹೋಗದಿದ್ದರೆ ಪೆಟ್ರೋಲು ಕೆಳಗಿಳಿಯುವುದಿಲ್ಲ, ಎಂಜಿನ್ನಿಗೆ ಕುಡಿಯಲು ಸಿಗುವುದಿಲ್ಲ. ಆ ತೂತಿನ ಮೇಲೇ ಬಿಗಿಯಾಗಿ ಕೂತಿತ್ತು ಕವರಿನ ರಬ್ಬರು. ಇವನು ಪ್ರತಿ ಸಲ ಜೋಪಾನವಾಗಿ ಬಿಚ್ಚಿಟ್ಟು ಶೋರೂಮಿಗೆ ಹೋಗುತ್ತಿದ್ದ, ಪ್ರತಿ ಸಲ ಜೋಪಾನವಾಗಿ ತೊಡಿಸಿ ತನ್ನ ಕೈಯಾರೆ ಕೆಡಿಸುತ್ತಿದ್ದ.

ಹೇಳಬೇಕೋ ಬೇಡವೋ ಎಂದು ಅವನು ಯೋಚಿಸುವಷ್ಟರಲ್ಲಿ ಬಿಲ್ಕೀಸ ಅವನ ಮುಖ ನೋಡಿ, ಮುಚ್ಚಳ ನೋಡಿ, ಎಲ್ಲ ತಿಳಿದುಕೊಂಡಳು. "ನಾ ಹೊಲಿದಿದ್ದು," ಎಂದಳು. ರಸ್ತೆಯ ಬದಿಯ ಕಲ್ಲಿನ ಮೇಲೆ ಕುಸಿದು ಕುಳಿತು ಬಿಕ್ಕಿ ಬಿಕ್ಕಿ ಅತ್ತಳು. "ನನ್ನ ಕೈಲೇನ ನಾ ಹಾಳ ಮಾಡ್ಕೊಂಡೆ ಅಬ್ಬಾ."

"ಹುಚ್ಚೀ, ಅಳಬ್ಯಾಡ! ರೋಗ ಸಿಕ್ತಲ್ಲ, ಅಷ್ಟ ಸಾಕು." ಅಲ್ಲಾಭಕ್ಷನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಕವರು ಬಿಚ್ಚಿ ಚೀಲದ ತಳದಲ್ಲಿ ತುರುಕಿದ. "ಇದನ್ನ ಯಾರ ಮುಂದೂ ಬಾಯಿ ಬಿಡಬ್ಯಾಡ. ಕಂಪನಿಯವ್ರು ಕಾರ್ಬೊರೇಟರ್ ಬದಲಿ ಮಾಡ್ಯಾರ ಅಂತ ನಾ ಹೇಳ್ತೇನಿ. ನೀ ಸುಮ್ಮನ ಒಳಗ ಹೋಗು."

ಬಿಲ್ಕೀಸ ಕಣ್ಣೊರೆಸಿಕೊಂಡು ಗಾಡಿ ಹತ್ತಿದಳು. ಅಲ್ಲಿಂದ ಖಾನಾಪುರದ ತನಕ ಗಾಡಿ ಒಮ್ಮೆಯೂ ನಿಲ್ಲಲಿಲ್ಲ.

ಬೀಗರ ಮನೆಯ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಅಖ್ತರಿಬೀ ಕುಳಿತಿದ್ದಳು. ಅಲ್ಲಾಭಕ್ಷನಿಗೆ ಕೂರಲು ಹೇಳಿದಳು, ಸೊಸೆಗೆ ಒಳಗೆ ಬಾ ಎನ್ನಲಿಲ್ಲ. ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದ ನಾಸೀರ ರಜೆಯೆಂದು ಮನೆಯಲ್ಲೇ ಇದ್ದ. "ನಂದಗಡದ ತನಕ ಹೋಗಿ ಬಾ. ನೋಡೂಣು," ಎಂದು ತಾಯಿ ಅವನನ್ನು ಕಳಿಸಿದಳು. ಅವನು ಹೆಂಡತಿಯ ಕಡೆ ಅರೆಗಣ್ಣಿನಲ್ಲಿ ನೋಡಿ, ಗಾಡಿ ಹತ್ತಿ ಹೋದ.

ಅದೆಂಥ ಕಾಯುವಿಕೆ! ಬಿಲ್ಕೀಸ ಕಂಬಕ್ಕೆ ಆತು ಚಪ್ಪಲಿ ಮೆಟ್ಟಿಕೊಂಡೇ ನಿಂತಿದ್ದಳು. ಅಲ್ಲಾಭಕ್ಷ ನೀರು ಕುಡಿದ, ಮತ್ತೆ ಕುಡಿದ. ಮುಚ್ಚಳದ ತೂತಿನಲ್ಲಿ ಧೂಳು ಕೂತಿದ್ದರೆ? ಬೇರೆಯೇ ಏನಾದರೂ ರೋಗ ಇದ್ದರೆ? ದೂರದಿಂದ ಸದ್ದು ಕೇಳಿದಾಗ ಅವನು ಎದ್ದೇ ನಿಂತ. ನಾಸೀರ ನಗುತ್ತ ಬಂದ. "ಎಲ್ಲೂ ನಿಂದರಲಿಲ್ಲ ಅಮ್ಮೀ. ಫಸ್ಟ್‌ಕ್ಲಾಸ್ ಓಡತೈತಿ."

"ಏನಾಗಿತ್ತಂತ್ರಿ?" ಎಂದಳು ಅಖ್ತರಿಬೀ.

"ಕಾರ್ಬೊರೇಟರಿನ್ಯಾಗ ಏನೋ ಇತ್ತಂತ್ರಿ. ಕಂಪನಿಯವ್ರು ಹೊಸಾದು ಹಾಕಿ ಕೊಟ್ರು."

"ಅಂದ್ರ ಗಾಡಿ ದೋಷದ್ದ ಇತ್ತು! ನಾ ಮೊದಲ ಹೇಳ್ಲಿಲ್ಲೇನು? ಬಿಚ್ಚಿ ಕಟ್ಟಿದ ಗಾಡಿ ತಗೊಂಡು ನಾವೇನ ಮಾಡೂಣ್ರಿ? ಬದಲಿ ಗಾಡಿ ಕೊಡಸ್ರಿ. ಅಲ್ಲೀತನಕ ಮಗಳು ನಿಮ್ಮ ಮನ್ಯಾಗ ಇರಲಿ."

ಅಲ್ಲಾಭಕ್ಷ ಸುಳ್ಳು ಹೇಳಿ ಮಗಳನ್ನು ಉಳಿಸಹೋಗಿ ಅವಳನ್ನು ಇನ್ನೂ ಆಳಕ್ಕೆ ನೂಕಿದ್ದ. ತಡವರಿಸಿ ಏನೋ ಅನ್ನಲು ಹೋದ.

"ಕಾರ್ಬೊರೇಟರ್ ಅಲ್ಲ," ಎಂದಳು ಬಿಲ್ಕೀಸ. ಎಲ್ಲರೂ ತಿರುಗಿದರು. "ಗಾಡ್ಯಾಗ ಏನೂ ದೋಷ ಇದ್ದಿದ್ದಿಲ್ಲ. ನಾ ಹೊಲಿದ ಕವರು ಮುಚ್ಚಳದ ತೂತು ಮುಚ್ಚಿತ್ತು. ಗಾಳಿ ಸಿಗಲಾರದಕ್ಕ ನಿಂದ್ರತಿತ್ತು. ಇವತ್ತ ದಾರ್ಯಾಗ ಗೊತ್ತಾತು."

ಅಖ್ತರಿಬೀ ದೊಡ್ಡ ಮನಸ್ಸು ಮಾಡಿದವಳ ಹಾಗೆ, "ಅಂದ್ರ ತಪ್ಪು ನಿಂದು. ಇರ್ಲಿ ಬಿಡು, ಒಳಗ ಬಾ. ಆದ್ರ ಹೇಳಿರ್ತೇನಿ, ಇನ್ನೊಮ್ಮಿ ಗಾಡಿ ನಿಂತ್ರ ಎರಡೂ ಹೊಳ್ಳಿ ಬೆಳಗಾಂವಿಗೇ," ಎಂದಳು.

ಒಳಗ ಬಾ! ಇಷ್ಟು ದಿನ ಅಲ್ಲಾಭಕ್ಷ ಕಾದದ್ದು ಆ ಎರಡು ಮಾತಿಗೆ. ಸಂತೋಷದಿಂದ ಅವನ ಕಣ್ಣು ತುಂಬಿತು. "ಹೋಗವಾ, ಹೋಗು," ಎಂದು ಮಗಳ ಬೆನ್ನ ಮೇಲೆ ಕೈಯಿಟ್ಟ.

ಬಿಲ್ಕೀಸ ಕದಲಲಿಲ್ಲ. ಅವಳು ಅತ್ತೆಯನ್ನು ನೋಡುತ್ತಿರಲಿಲ್ಲ. ಅಂಗಳದಲ್ಲಿ ನಾಸೀರ ಕರ್ಚೀಫಿನಿಂದ ಗಾಡಿಯ ಕೆಸರು ಒರೆಸುತ್ತಿದ್ದ. ಅವನಿಗೇ ಹೇಳಿದಳು.

"ಮೊದಲ ಸಲ ಗಣೇಬೈಲದಾಗ ಗಾಡಿ ನಿಂತಾಗ ಸುರಿಯೂ ಮಳ್ಯಾಗ ಮನೀತನಕ ನೂಕ್ಕೊಂಡ ಬಂದ್ರಿ. ನನ್ನ ಟೆಂಪೊದಾಗ ಕುಂದ್ರಿಸಿ ಕಳಿಸಿದಾಗ ಬಾಗಲತನಕಾನೂ ಬರಲಿಲ್ಲ."

ನಾಸೀರನ ಕೈ ನಿಂತಿತು.

"ನಾ ಒಳಗ ಬರೂದಿಲ್ಲ," ಎಂದು ಬಿಲ್ಕೀಸ ಕಟ್ಟೆ ಇಳಿದಳು.

ತಪ್ಪಾಯಿತು, ಸಣ್ಣವಳು, ಹೊಟ್ಟೆಗೆ ಹಾಕಿಕೊಳ್ಳಿ ಎಂಬ ಮಾತು ಅಲ್ಲಾಭಕ್ಷನ ನಾಲಿಗೆಯ ತುದಿಗೆ ಬಂತು. ಆ ಮಾತಿಗೆ ಅವನ ನಾಲಿಗೆ ಪಳಗಿಹೋಗಿತ್ತು. ಅಷ್ಟರಲ್ಲಿ ಹಿಂದಿನಿಂದ ಅಖ್ತರಿಬೀ ಗಾಬರಿಯಾಗಿ ಕೂಗಿದಳು. "ಅಯ್ಯ, ಮತ್ತ ಗಾಡಿ?"

ಸೊಸೆ ಎಲ್ಲಿಗೆ ಹೊರಟಳು ಎಂದಲ್ಲ. ಗಾಡಿ.

ಅಲ್ಲಾಭಕ್ಷನಿಗೆ ಅಂದು ಟೆಂಪೊ ಬಂದಾಗ ಬರಬೇಕಿದ್ದ ಸಿಟ್ಟು ಈಗ ಬಂತು. ದನಿ ಏರಿತು. "ಗಾಡಿ ನಿಮ್ಮದ ರೀ ಬೀಗತಿ, ಇಟಗೋರಿ. ನೆಟ್ಟಗೈತಿ, ಇನ್ನ ನಿಂದ್ರೂದಿಲ್ಲ. ಮಗಳನ್ನ ನಾ ಕರಕೊಂಡ ಹೋಗ್ತೇನಿ. ಆಕಿ ಬೇಕಂದ್ರ ನಾಸೀರ ಬರಲಿ. ಬಸ್ಸಿನ್ಯಾಗ ಬಂದ್ರೂ ನಡೀತೈತಿ."

ಓಣಿಯ ತಿರುವಿನಲ್ಲಿ ಹಿಂದೆ ಯಾರೋ ಓಡಿ ಬಂದ ಸದ್ದಾಯಿತು. ನಾಸೀರ. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಏದುಸಿರು ಬಿಡುತ್ತಿದ್ದ.

"ಮಾಮಾ... ಬರೂ ಐತವಾರ ನಾ ಬರ್ತೇನ್ರಿ."

ಅಲ್ಲಾಭಕ್ಷ ಹೂಂ ಅಂದೇಬಿಡುತ್ತಿದ್ದ. ತಡೆದುಕೊಂಡು ಮಗಳ ಮುಖ ನೋಡಿದ.

"ಬರ್ರಿ," ಎಂದಳು ಬಿಲ್ಕೀಸ. "ಬಂದ ಮ್ಯಾಲೆ ನೋಡೂಣು."

ಅಷ್ಟು ಹೇಳಿ ಅವಳು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಮಮ್ತಾಜಳಿಗೆ ಏನು ಹೇಳುವುದು, ಓಣಿಗೆ ಏನು ಹೇಳುವುದು, ಐತವಾರ ಅವನು ಬಾರದೇ ಹೋದರೆ ಏನು ಮಾಡುವುದು ಎಂದು ಅಲ್ಲಾಭಕ್ಷನ ತಲೆ ಓಡುತ್ತಲೇ ಇತ್ತು. ಚೀಲ ಹೆಗಲಿಗೇರಿಸಿ ಅವನು ಬೇಗ ಬೇಗ ಹೆಜ್ಜೆ ಹಾಕಿ ಮಗಳನ್ನು ಕೂಡಿಕೊಂಡ.